ಸಿಸಿ ಆಮೇಲೆ, ಮೊದಲು ಕಾಲು ನೆಲಕ್ಕೆ ಸಿಗಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಮೊನ್ನೆ ದೂರ ಪ್ರಯಾಣಕ್ಕೆ ಎಂಥ ಬೈಕ್ ತಗೋಬೇಕು ಅಂತ ಬರೆದಿದ್ದಿರಿ. ಎಂಜಿನ್ ಎಷ್ಟು ಸಿಸಿ, ಶಕ್ತಿ ಎಷ್ಟು ಬಿಎಚ್‌ಪಿ, ಎಷ್ಟು ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ, ಎಲ್ಲ ಇತ್ತು. ಸೀಟು ನೆಲದಿಂದ ಎಷ್ಟು ಎತ್ತರ, ಗಾಡಿ ಎಷ್ಟು ಕಿಲೋ ತೂಗುತ್ತದೆ, ಹಿಂದೆ ಕೂತವರ ಸೊಂಟದ ಗತಿ ಏನು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು. ಜಾಗ ಸಾಲದಿದ್ದರೆ ಕತ್ತರಿಸಿಕೊಳ್ಳಿ, ಸೀಟಿನ ವಿಷಯ ಒಂದು ಬಿಡಬೇಡಿ.

ನಾನು ಬಸ್ ಡ್ರೈವರ್ ಆಗಿದ್ದವನು. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದಿದ್ದೇನೆ. ಹಾಸನದಿಂದ ಮಂಗಳೂರು, ಧರ್ಮಸ್ಥಳ, ಹುಬ್ಬಳ್ಳಿ, ಬೆಂಗಳೂರು. ಶಿರಾಡಿ ಘಾಟಿಯನ್ನು ಎಷ್ಟು ಸಲ ಹತ್ತಿ ಇಳಿದಿದ್ದೇನೋ ಲೆಕ್ಕ ಇಟ್ಟಿಲ್ಲ. 2024ರಲ್ಲಿ ನಿವೃತ್ತಿ ಆಯಿತು. ಇಷ್ಟು ವರ್ಷ ಬೇರೆಯವರನ್ನು ಊರೂರಿಗೆ ಬಿಟ್ಟು ಬಂದೆ, ನಮ್ಮ ಮನೆಯವರನ್ನು ಎಲ್ಲಿಗೂ ಕರಕೊಂಡು ಹೋಗಲಿಲ್ಲ. ಇದನ್ನು ಅವರೇ ವಾರಕ್ಕೊಂದು ಸಲ ನೆನಪಿಸುತ್ತಿದ್ದರು. ಕಾರು ಕೊಳ್ಳೋಣ ಅಂದರೆ ಬೇಡ ಅಂದರು. ಮದುವೆಯಾದ ಹೊಸದರಲ್ಲಿ ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಯೆಜ್ಡಿ ಇತ್ತು. ಅದರಲ್ಲಿ ಬೇಲೂರಿಗೆ ಹೋಗಿದ್ದು ಅವರ ತಲೆಯಲ್ಲಿ ಕೂತುಬಿಟ್ಟಿದೆ. 'ಬೈಕಲ್ಲೇ ಹೋಗೋಣ ಕಣ್ರೀ' ಅಂದರು.

ಯೆಜ್ಡಿ ಕಂಡವರಿಗೆ ಗೊತ್ತು. 250 ಸಿಸಿ, ಎರಡು ಸೈಲೆನ್ಸರ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಕಿಕ್ ಹೊಡೆಯುವ ರಾಡೇ ಆಮೇಲೆ ಗೇರ್ ಲಿವರ್ ಆಗುತ್ತಿತ್ತು. ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿ. 1961ರಲ್ಲಿ ಶುರುವಾದ ಫ್ಯಾಕ್ಟರಿ 1996ಕ್ಕೆ ಮುಚ್ಚಿತು. ನನ್ನದನ್ನು ಅದಕ್ಕೂ ಮೊದಲೇ ಮಾರಿದ್ದೆ. ಈಗ ಅದೇ ಹೆಸರಿನಲ್ಲಿ ಹೊಸ ಗಾಡಿ ಬಂದಿದೆ, 2022ರಿಂದ. ನೋಡಿದೆ, ಚೆನ್ನಾಗಿದೆ, ಆದರೆ ಆ ಶಬ್ದ ಇಲ್ಲ. ಅದಿರಲಿ.

2006ರಿಂದ ಮನೆಯಲ್ಲಿ ಇದ್ದದ್ದು ಒಂದು ಸ್ಪ್ಲೆಂಡರ್. 97 ಸಿಸಿ, 112 ಕಿಲೋ, 8 ಬಿಎಚ್‌ಪಿ ಹತ್ತಿರ. ಅಂಗಡಿಗೆ, ಡಿಪೋಗೆ, ತೋಟಕ್ಕೆ ಅದಕ್ಕಿಂತ ಒಳ್ಳೆ ಗಾಡಿ ಇಲ್ಲ. ಅದರಲ್ಲೇ ಟೂರ್ ಹೋದರಾಯಿತು ಅಂತ ಮೊದಲು ಅಂದುಕೊಂಡಿದ್ದೆ. ಒಂದು ಸಲ ಇಬ್ಬರೂ ಸಕಲೇಶಪುರಕ್ಕೆ ಹೋಗಿ ಬಂದೆವು, ಆ ಆಸೆ ಬಿಟ್ಟೆ. ಯಾಕೆ ಅಂತ ಹೇಳುತ್ತೇನೆ. ಇದು ಬಸ್ಸಿನ ಮುಂದಿನ ಗಾಜಿನಿಂದ ರಸ್ತೆ ನೋಡಿದವನ ಮಾತು.

ಹೈವೇಯಲ್ಲಿ ಎಡಗಡೆ ಅಂಚಿನಲ್ಲಿ 45, 50ರಲ್ಲಿ ಹೋಗುವ ಸಣ್ಣ ಬೈಕ್ ಇದೆಯಲ್ಲ, ಅದನ್ನು ಕಂಡರೆ ಬಸ್ ಡ್ರೈವರ್‌ಗೆ ಒಂದು ಥರ ಸಂಕಟ. ಅವನು ನಮ್ಮ ವೇಗಕ್ಕೆ ಬರೋದಿಲ್ಲ. ನಾವು ಅವನನ್ನು ದಾಟಲೇಬೇಕು. ದಾಟುವಾಗ ಬಸ್ಸಿನ ಗಾಳಿ ಮೊದಲು ಅವನನ್ನು ಆಚೆ ನೂಕುತ್ತದೆ, ಆಮೇಲೆ ಒಳಗೆ ಎಳೆಯುತ್ತದೆ. ಹಿಂದೆ ಹೆಂಗಸು, ಮಧ್ಯೆ ಮಗು, ಟ್ಯಾಂಕ್ ಮೇಲೆ ಚೀಲ. ಕನ್ನಡಿಯಲ್ಲಿ ಅವರು ನೆಟ್ಟಗೆ ಕಾಣುವ ತನಕ ನನಗೆ ಉಸಿರು ಬರುತ್ತಿರಲಿಲ್ಲ. ಸಕಲೇಶಪುರದ ದಾರಿಯಲ್ಲಿ ಆ ಬೈಕಿನವನು ನಾನೇ ಆಗಿದ್ದೆ.

ಓವರ್‌ಟೇಕ್ ಇನ್ನೂ ಕಷ್ಟ. ಒಂದು ಲೆಕ್ಕ ನೋಡಿ. ಏರಿನಲ್ಲಿ ಲೋಡ್ ಲಾರಿ 40ರಲ್ಲಿ ಹೋಗುತ್ತಿದೆ. ಇಬ್ಬರು ಕೂತ ನೂರು ಸಿಸಿ ಗಾಡಿ ಕಷ್ಟಪಟ್ಟು 45ಕ್ಕೆ ಬರುತ್ತದೆ. ಲಾರಿಯ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಎಲ್ಲ ಸೇರಿ 40 ಮೀಟರ್ ಅಂತಿಟ್ಟುಕೊಳ್ಳಿ. ಅಷ್ಟು ದಾಟೋಕೆ ಹತ್ತಿರ ಹತ್ತಿರ ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ನೀವು ಎದುರು ಲೇನಿನಲ್ಲಿ 360 ಮೀಟರ್ ಹೋಗಿರುತ್ತೀರಿ. ಅದೇ ಗಾಡಿ ಸಲೀಸಾಗಿ 60ಕ್ಕೆ ಏರಿದರೆ 7 ಸೆಕೆಂಡು, 120 ಮೀಟರ್, ಮುಗಿಯಿತು. ದೊಡ್ಡ ಬೈಕ್ ಬೇಕಾಗುವುದು ಈ 7 ಸೆಕೆಂಡಿಗೆ. ನೂರರಲ್ಲಿ ನೂರಿಪ್ಪತ್ತರಲ್ಲಿ ಓಡಿಸೋಕೆ ಅಂತ ಯಾರಾದರೂ ಹೇಳಿದರೆ, 2018ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಮಿತಿ ನೋಡಲಿ. ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲೂ ಬೈಕಿಗೆ 80. 650 ಸಿಸಿಗೂ ಅಷ್ಟೇ, ಸ್ಪ್ಲೆಂಡರ್‌ಗೂ ಅಷ್ಟೇ.

ಹಾಗಾಗಿ ದೊಡ್ಡದು ಬೇಕು ಅನ್ನೋದು ಖಾತ್ರಿ ಆಯಿತು. ಎಷ್ಟು ದೊಡ್ಡದು ಅನ್ನೋದೇ ಪ್ರಶ್ನೆ. ಮಗ ಬೆಂಗಳೂರಿನಲ್ಲಿದ್ದಾನೆ. 'ಅಪ್ಪ, ತಗೊಂಡ್ರೆ ಇಂಟರ್‌ಸೆಪ್ಟರ್ 650 ತಗೊ, ಆಮೇಲೆ ಯೋಚನೆನೇ ಇರಲ್ಲ' ಅಂದ. ಅದು ರಾಯಲ್ ಎನ್‌ಫೀಲ್ಡ್ ಗಾಡಿ, ಎರಡು ಸಿಲಿಂಡರ್, 47 ಬಿಎಚ್‌ಪಿ, ಎಳೆತದ ಬಲ 52 ಎನ್‌ಎಂ. ಅವನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ನಮ್ಮೂರಿನವನೇ. ಹಬ್ಬಕ್ಕೆ ಬಂದಾಗ ಗಾಡಿ ಕೊಟ್ಟ. 'ಓಡಿಸಿ ನೋಡಿ ಅಂಕಲ್, ಬೆಣ್ಣೆ ಇದ್ದಂಗಿದೆ' ಅಂದ. ಮನೆಯವರನ್ನು ಹಿಂದೆ ಕೂರಿಸಿಕೊಂಡು ಬೇಲೂರಿಗೆ ಹೊರಟೆ. ಹುಡುಗ ಸುಳ್ಳು ಹೇಳಿರಲಿಲ್ಲ. ಬೆಣ್ಣೆಯೇ. ಮೂರನೇ ಗೇರಿನಲ್ಲಿ ಸುಮ್ನೆ ಹಿಡಿಕೆ ತಿರುಗಿಸಿದರೆ ಸಾಕು, ಮುಂದಿನ ಲಾರಿ ಹಿಂದೆ ಹೋಗಿರುತ್ತದೆ. ನನಗೆ ಇಪ್ಪತ್ತು ವರ್ಷ ಕಡಿಮೆ ಆದ ಹಾಗಾಯಿತು.

ಬೇಲೂರು ಇನ್ನೂ ಹತ್ತು ಕಿಲೋಮೀಟರ್ ಇರುವಾಗ ಒಂದು ಟೀ ಅಂಗಡಿ. ಎಡಕ್ಕೆ ತೆಗೆದೆ. ಡಾಂಬರು ಮುಗಿದ ಕೂಡಲೆ ನೆಲ ಎಡಕ್ಕೆ ಇಳಿಜಾರು, ಮೇಲೆ ಸಣ್ಣ ಜಲ್ಲಿ. ಮುಂದಿನ ಬ್ರೇಕ್ ಹಿಡಿದೆ, ಗಾಡಿ ನಿಂತಿತು, ಎಡಗಾಲು ಕೆಳಗಿಟ್ಟೆ. ಕಾಲಿಗೆ ನೆಲ ಸಿಗಲಿಲ್ಲ! ಸಮ ನೆಲದಲ್ಲಿ ನನ್ನ ಮುಂಗಾಲು ಮುಟ್ಟುತ್ತಿತ್ತು. ನಾನು ಐದಡಿ ನಾಲ್ಕಂಗುಲ. ಇಳಿಜಾರಿನಲ್ಲಿ ಆ ನಾಲ್ಕು ಬೆರಳಷ್ಟು ಜಾಗ ಎಲ್ಲಿಂದ ತರೋದು? ಗಾಡಿ ಒಂದು ಸಲ ವಾಲಿತು ಅಂದರೆ ಇನ್ನೂರು ಕಿಲೋ ಮೀರಿದ ಕಬ್ಬಿಣವನ್ನು ಒಂದು ಕಾಲಲ್ಲಿ ತಡೆಯೋಕೆ ಆಗೋದಿಲ್ಲ. ನಿಧಾನಕ್ಕೆ, ಎಮ್ಮೆ ಮಲಗಿದ ಹಾಗೆ, ಎಡಕ್ಕೆ ಮಲಗಿತು. ನಮ್ಮ ಮನೆಯವರು ಅದಕ್ಕೂ ಮೊದಲೇ ಇಳಿದು ನಿಂತಿದ್ದರು. ಹೇಗೆ ಇಳಿದರೋ ಅವರಿಗೂ ಗೊತ್ತಿಲ್ಲ. ನನ್ನ ಮೊಣಕಾಲು ತರಚಿತು. ಕ್ಲಚ್ ಲಿವರ್ ಬಾಗಿತು, ಎಡಗಡೆ ಕನ್ನಡಿ ಹೋಯಿತು. ಮೂವತ್ತು ವರ್ಷ ಬಸ್ ಓಡಿಸಿ ಒಂದು ಗೀರು ಮಾಡದವನು, ನಿಂತ ಗಾಡಿಯನ್ನು ಕೆಡವಿದೆ. ಹೇಳಿಕೊಳ್ಳೋಕೆ ನಾಚಿಕೆ, ಆದರೂ ಹೇಳುತ್ತಿದ್ದೇನೆ.

ಎತ್ತೋಕೆ ಹೋದೆ. ಹ್ಯಾಂಡಲ್ ಹಿಡಿದು ಎದುರಿಂದ ಜಗ್ಗಿದೆ. ಅಲುಗಾಡಲಿಲ್ಲ, ಸೊಂಟ ಮಾತ್ರ ಹಿಡಕೊಂಡಿತು. ಟೀ ಅಂಗಡಿಯವರು ಬಂದರು. ವಯಸ್ಸಾದವರು, ಆದರೆ ವಿಷಯ ಗೊತ್ತಿದ್ದವರು. ಆ ತಿರುವಿನಲ್ಲಿ ವಾರಕ್ಕೊಂದು ಗಾಡಿ ಮಲಗುತ್ತದಂತೆ. 'ಹಂಗಲ್ಲ ಸಾರ್, ಬೆನ್ನು ಕೊಡಿ' ಅಂದರು. ಮೊದಲು ಎಂಜಿನ್ ಆಫ್ ಮಾಡಿಸಿ ಗೇರಿಗೆ ಹಾಕಿಸಿದರು, ಉರುಳದಿರಲಿ ಅಂತ. ಹ್ಯಾಂಡಲ್‌ನ್ನು ಬಿದ್ದ ಕಡೆಗೇ ಪೂರ್ತಿ ತಿರುಗಿಸಿದರು. ಆಮೇಲೆ ಗಾಡಿಗೆ ಬೆನ್ನು ಮಾಡಿ ಸೀಟಿನ ಅಂಚಿಗೆ ಕುಂಡಿ ಒತ್ತಿ ಕೂರಬೇಕು. ಒಂದು ಕೈಲಿ ಹ್ಯಾಂಡಲ್ ಹಿಡಿ, ಇನ್ನೊಂದು ಕೈಲಿ ಹಿಂದಿನ ಕಂಬಿ. ಬೆನ್ನು ನೆಟ್ಟಗೆ, ಬಲ ಎಲ್ಲ ತೊಡೆಯಲ್ಲಿ. ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ. ಗಾಡಿ ತಾನಾಗಿ ಎದ್ದ ಹಾಗೆ ಎದ್ದಿತು. ಬಲಕ್ಕೆ ಬಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಬಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಎತ್ತಿದ ಜೋರಿಗೆ ಆ ಕಡೆ ಬೀಳುತ್ತದೆ ಅಂತ ಅದನ್ನೂ ಹೇಳಿದರು. ಟೀ ಕುಡಿದು ದುಡ್ಡು ಕೊಡೋಕೆ ಹೋದರೆ ಎರಡು ಟೀದು ಮಾತ್ರ ತಗೊಂಡರು.

ಲಿವರ್, ಕನ್ನಡಿ ಎರಡೂ ಹಾಕಿಸಿ ಆ ಹುಡುಗನಿಗೆ ಗಾಡಿ ಒಪ್ಪಿಸಿದೆ. ಅವನು ನಕ್ಕ, ಪಾಪ. ಅಲ್ಲಿಗೆ 650ರ ಮಾತು ಮುಗಿಯಿತು. ಸೂಪರ್ ಮೀಟಿಯರ್ ಅಂತ ಇನ್ನೊಂದು 650 ಇದೆ, ಸೀಟು ತಗ್ಗು ಅಂದರು. ತಗ್ಗೇನೋ ಹೌದು, ತೂಕ 241 ಕಿಲೋ. ನಾಲ್ಕೂವರೆ ಅಕ್ಕಿ ಮೂಟೆಗಿಂತ ಜಾಸ್ತಿ. ಟೀ ಅಂಗಡಿಯವರು ಎಲ್ಲ ಕಡೆ ಸಿಗೋದಿಲ್ಲ ಅಲ್ವಾ.

ಇದಾದ ಮೇಲೆ ನಾನು ಗಾಡಿ ನೋಡುವ ಕ್ರಮವೇ ಬದಲಾಯಿತು. ಷೋರೂಂಗೆ ಹೋದರೆ ಮೊದಲು ಸ್ಟಾರ್ಟ್ ಮಾಡೋದಿಲ್ಲ. ಕೂರುತ್ತೇನೆ. ಎರಡೂ ಹಿಮ್ಮಡಿ ಊರುತ್ತದಾ ನೋಡುತ್ತೇನೆ. ಇಳಿದು, ನ್ಯೂಟ್ರಲ್‌ನಲ್ಲಿ ಹಿಂದಕ್ಕೆ ಹತ್ತು ಹೆಜ್ಜೆ ತಳ್ಳುತ್ತೇನೆ. ಡಬಲ್ ಸ್ಟ್ಯಾಂಡ್ ಇದ್ದರೆ ಹಾಕಿ ತೆಗೆಯುತ್ತೇನೆ. ಒಂದು ಷೋರೂಂನಲ್ಲಿ ಸೇಲ್ಸ್ ಹುಡುಗ, 'ಸರ್, ಗಾಡಿ ಓಡಿಸೋಕೆ ತಗೋತೀರಾ, ತಳ್ಳೋಕಾ?' ಅಂತ ಕೇಳಿದ. ಅದೇ ಜಾಗದಲ್ಲಿ ಮನೆಯವರನ್ನು ಕೂರಿಸಿಕೊಂಡು ಟೆಸ್ಟ್ ರೈಡ್ ಮಾಡುತ್ತೇನೆ ಅಂದರೆ ಒಬ್ಬರೇ ಹೋಗಬೇಕು, ಒಂದು ಕಿಲೋಮೀಟರ್ ಮಾತ್ರ ಅಂದರು. ಎರಡು ಲಕ್ಷದ ಮೇಲೆ ದುಡ್ಡು ಕೊಡುವವನು ಹೆಂಡತಿ ಹಿಂದೆ ಕೂತರೆ ಹೇಗಿರುತ್ತದೆ ಅಂತ ನೋಡಬಾರದಾ? ಚಪ್ಪಲಿ ತಗೊಂಡರೂ ಎರಡೂ ಕಾಲಿಗೆ ಹಾಕಿ ನೋಡುತ್ತೇವೆ. ಅಲ್ಲಿಂದ ಎದ್ದು ಬಂದೆ.

ಹಿಮಾಲಯನ್ 450 ನೋಡಿದೆ. 2023ರ ಕೊನೆಗೆ ಬಂದ ಗಾಡಿ. 40 ಎನ್‌ಎಂ ಎಳೆತ, 17 ಲೀಟರ್ ಟ್ಯಾಂಕ್, ಕೆಟ್ಟ ರಸ್ತೆಯಲ್ಲಿ ತೇಲಿದ ಹಾಗೆ ಹೋಗುತ್ತದೆ. ಮನಾಲಿಯಿಂದ ಲೇಹ್‌ಗೆ ಹೋಗುವ ಹುಡುಗರು ಕಣ್ಣುಮುಚ್ಚಿ ತಗೊಳ್ಳಲಿ. ಆ ದಾರಿಯ ತಾಂಡಿ ಬಂಕಿನ 'ಮುಂದಿನ ಬಂಕ್ 365 ಕಿ.ಮೀ.' ಅನ್ನುವ ಬೋರ್ಡಿನ ಫೋಟೊ ನೀವೂ ನೋಡಿರುತ್ತೀರಿ. ಅಂಥ ಕಡೆ ದೊಡ್ಡ ಟ್ಯಾಂಕ್ ಬೇಕು. ನಮ್ಮ ಕಡೆ ಘಾಟಿ ಬಿಟ್ಟರೆ ಬಂಕಿಗೆ ಬರ ಇಲ್ಲ. ಸೀಟು 825 ಮಿಲಿಮೀಟರ್. ಬೇಲೂರಿನ ಗಾಡಿಗಿಂತ ಎರಡು ಸೆಂಟಿಮೀಟರ್ ಎತ್ತರವೇ. ಮನೆಯವರು ಹತ್ತಿ ಕೂತು, 'ಕುದುರೆ ಮೇಲೆ ಕೂತಂಗೆ ಆಗುತ್ತೆ ಕಣ್ರೀ, ಇಳಿಯೋಕೆ ಏಣಿ ತರಬೇಕು' ಅಂದರು. ಮುಂದಕ್ಕೆ ಹೋದೆವು.

ಕೊನೆಗೆ ನಿಂತದ್ದು ರಾಯಲ್ ಎನ್‌ಫೀಲ್ಡ್‌ನವರದೇ ಮೀಟಿಯರ್ 350 ಹತ್ತಿರ. ಸೀಟು 765 ಮಿಲಿಮೀಟರ್. ಎರಡೂ ಹಿಮ್ಮಡಿ ನೆಲಕ್ಕೆ ಊರಿತು, ಮಂಡಿಯೂ ಸ್ವಲ್ಪ ಬಾಗಿತ್ತು. 191 ಕಿಲೋ, ಹಗುರ ಅಂತ ಹೇಳೋಕಾಗಲ್ಲ, ಆದರೆ ಭಾರ ಎಲ್ಲ ತಳದಲ್ಲಿದೆ. ಶಕ್ತಿ 20 ಬಿಎಚ್‌ಪಿ. ನಿಮ್ಮ ಪುಟದವರು ಇದನ್ನು ಓದಿ ಮೂಗು ಮುರಿಯುತ್ತಾರೆ, ಗೊತ್ತು. ನಾನು ನೋಡಿದ್ದು ಇನ್ನೊಂದು ಅಂಕಿ, 27 ಎನ್‌ಎಂ. ಅದೂ ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗುವಾಗಲೇ ಸಿಗುತ್ತದೆ. ಸ್ಪ್ಲೆಂಡರ್‌ದು 8. ಬಸ್ ಓಡಿಸಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಘಾಟಿ ಹತ್ತುವಾಗ ಎಂಜಿನ್ ಕಿರುಚಬಾರದು, ಗುರುಗುಟ್ಟಿಕೊಂಡು ಎಳೆಯಬೇಕು. ಹಾಗೆ ಎಳೆಯುತ್ತದೆ. ಅಲಾಯ್ ವೀಲ್, ಟ್ಯೂಬ್‌ಲೆಸ್ ಟೈರು, ಮೊಳೆ ಚುಚ್ಚಿದರೆ ಚಕ್ರ ಬಿಚ್ಚೋದೇ ಬೇಡ. ಹೋಂಡಾದವರ 350 ಇದಕ್ಕಿಂತ ಹತ್ತು ಕಿಲೋ ಹಗುರ, ಎಂಜಿನ್ ಇನ್ನೂ ನಯ, ಅದೂ ಒಳ್ಳೇದೇ. ಹಿಂದಿನ ಸೀಟಿನ ವಿಷಯದಲ್ಲಿ ಮನೆಯವರ ಓಟು ಮೀಟಿಯರ್‌ಗೆ ಬಿತ್ತು. ನನ್ನ ಓಟಿಗೆ ಅಷ್ಟು ಬೆಲೆ ಇರಲಿಲ್ಲ.

ಇನ್ನೊಂದು ಕಾರಣವೂ ಸೇರಿಕೊಂಡಿತು. ನಾವು ಹುಡುಕುತ್ತಿರುವಾಗಲೇ, 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28 ಪರ್ಸೆಂಟ್‌ನಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಸೆಸ್ ಸೇರಿ 31 ಇದ್ದದ್ದು 40 ಆಯಿತು. ಮೀಟಿಯರ್ 349 ಸಿಸಿ, ಗೆರೆಯ ಈಚೆಗಿದೆ. ನಮಗೇನೋ ಲಾಭವೇ ಆಯಿತು. ಆದರೆ ಮಗನ ವಯಸ್ಸಿನವರು 450 ಕೇಳಿದರೆ ಅದಕ್ಕೆ 40 ಪರ್ಸೆಂಟ್ ಹಾಕೋದು ಯಾಕೆ ಅಂತ ನನಗಂತೂ ತಿಳಿಯಲಿಲ್ಲ. ಆ ನೂರು ಸಿಸಿಯಲ್ಲಿ ಅಂಥ ಐಷಾರಾಮ ಏನಿದೆ?

ಉಳಿದ ದುಡ್ಡಿನಲ್ಲಿ ಇಬ್ಬರಿಗೂ ಪೂರ್ತಿ ಮುಖ ಮುಚ್ಚುವ ಐಎಸ್‌ಐ ಹೆಲ್ಮೆಟ್, ಜಾಕೆಟ್, ಕೈಗವಸು ತಗೊಂಡೆವು. ಲೆಗ್ ಗಾರ್ಡ್ ಹಾಕಿಸಿದೆ, ಬೇಲೂರಿನ ನೆನಪಿಗೆ. ಎರಡು ಕಡೆ ತೂಗುಬಿಡುವ ಚೀಲ. ಹಿಂದೆ ಮೇಲೆ ದೊಡ್ಡ ಪೆಟ್ಟಿಗೆ ಕೂರಿಸಿ ಅಂತ ಅಂಗಡಿಯವರು ಹೇಳಿದರು, ಬೇಡ ಅಂದೆ. ಬಸ್ಸಿನ ಟಾಪ್ ಮೇಲೆ ಲೋಡ್ ಜಾಸ್ತಿ ಆದರೆ ತಿರುವಿನಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತು. ಭಾರ ಕೆಳಗಿರಬೇಕು.

ಮಳೆ ನಿಂತ ಮೇಲೆ ನವೆಂಬರ್‌ನಲ್ಲಿ ಹೊರಟೆವು. ಚಿಕ್ಕಮಗಳೂರು, ಶೃಂಗೇರಿ, ಆಗುಂಬೆ. ಆಗುಂಬೆಯ ಹದಿನಾಲ್ಕು ತಿರುವನ್ನು ಎರಡನೇ ಗೇರಿನಲ್ಲಿ ಇಳಿದೆ. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ನಾನು ಕೆಲಸಕ್ಕೆ ಸೇರಿದಾಗ ಹಿರಿಯ ಡ್ರೈವರ್ ಒಬ್ಬರು ಕಲಿಸಿದ್ದು. ಪಕ್ಕದಲ್ಲಿ ಹುಡುಗರು ಬ್ರೇಕ್ ಹಿಡಿದುಕೊಂಡೇ ಇಳಿಯುತ್ತಿದ್ದರು, ಸುಟ್ಟ ವಾಸನೆ ನಮಗೂ ಬರುತ್ತಿತ್ತು. ಸೋಮೇಶ್ವರದಲ್ಲಿ ಕೆಳಗೆ ನಿಲ್ಲಿಸಿ ನನ್ನ ಡಿಸ್ಕ್ ಹತ್ತಿರ ಕೈ ಹಿಡಿದು ನೋಡಿದೆ, ಬೆಚ್ಚಗಿತ್ತು ಅಷ್ಟೆ. ಉಡುಪಿಯಿಂದ ಹೈವೇ 66 ಹಿಡಿದು ಮರವಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಬಸ್ಸಿನಲ್ಲಿ ಈ ದಾರಿಯಲ್ಲಿ ಬಂದಿದ್ದೇನೆ, ಆದರೆ ಟೈಮಿಗೆ ಓಡಬೇಕು, ನಿಲ್ಲಿಸೋ ಹಾಗಿಲ್ಲ. ಈ ಸಲ ಒಂದು ಗಂಟೆ ನಿಲ್ಲಿಸಿದೆ. ಆಮೇಲೆ ಮುರ್ಡೇಶ್ವರ, ಗೋಕರ್ಣ, ಅಂಕೋಲಾದಿಂದ ಯಲ್ಲಾಪುರಕ್ಕೆ ಹತ್ತಿ ಹುಬ್ಬಳ್ಳಿ, ದಾವಣಗೆರೆ, ಮನೆ. ಐದು ದಿನ. ದಿನಕ್ಕೆ 250 ದಾಟಲಿಲ್ಲ. ಟ್ಯಾಂಕ್ ತುಂಬಿಸಿ ತುಂಬಿಸಿ ಬರೆದುಕೊಂಡ ಲೆಕ್ಕ, ಲೀಟರಿಗೆ 34. ಐನೂರು ಕಿಲೋಮೀಟರಿಗೊಮ್ಮೆ ಚೈನಿಗೆ ಎಣ್ಣೆ ಹಾಕಿದ್ದು ಬಿಟ್ಟರೆ ಗಾಡಿ ಇನ್ನೇನೂ ಕೇಳಲಿಲ್ಲ.

ಕೊರತೆ ಇಲ್ಲ ಅಂತಲ್ಲ. ದಾವಣಗೆರೆ ಕಡೆ ಹೈವೇಯಲ್ಲಿ 90 ಮುಟ್ಟಿದರೆ ಕಾಲಿಡುವ ಜಾಗದಲ್ಲಿ ನಡುಕ. ಮುಟ್ಟಬಾರದಿತ್ತು, ಮುಟ್ಟಿದೆ. ಹಳ್ಳ ಬಂದರೆ ಹಿಂದಿನ ಶಾಕ್ ಸ್ವಲ್ಪ ಗಟ್ಟಿ, ಮನೆಯವರು ಪ್ರತಿ ಸಲ ನನ್ನ ಬೆನ್ನಿಗೆ ಒಂದು ಗುದ್ದು ಕೊಡುತ್ತಿದ್ದರು.

ಸರ್ಕಾರದವರಿಗೂ ಒಂದು ಮಾತು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್ ಬಿಡುತ್ತಿಲ್ಲ. ಬಸ್ ಡ್ರೈವರ್ ಆಗಿ ಅವತ್ತು ನಾನು ಖುಷಿಪಟ್ಟವನೇ. ಅಲ್ಲಿನ ವೇಗಕ್ಕೆ ಸಣ್ಣ ಬೈಕ್ ಸರಿ ಹೋಗೋದಿಲ್ಲ, ಸಾವು ನೋವು ಕಂಡಿದ್ದೇವೆ. ಈಗ ನಾನೇ ಸರ್ವಿಸ್ ರಸ್ತೆಯಲ್ಲಿ ಹೋಗುತ್ತೇನೆ. ಎದುರಿಂದ ಟ್ರ್ಯಾಕ್ಟರ್, ಬಣ್ಣ ಬಳಿಯದ ಹಂಪು, ಬಸ್ ನಿಂತರೆ ದಾಟೋಕೆ ಜಾಗ ಇಲ್ಲ. ದೊಡ್ಡ ರಸ್ತೆ ಬೇಡ ಅಂದಿರಿ, ಸರಿ. ಕೊಟ್ಟ ರಸ್ತೆಯ ಹಂಪುಗಳಿಗಾದರೂ ಸುಣ್ಣ ಬಳಿಸಿ.

ಇನ್ನು ನಿಮಗೆ. ಮುಂದಿನ ಸಲ ಟೂರಿಂಗ್ ಬೈಕ್ ಬಗ್ಗೆ ಬರೆಯುವಾಗ ನಾಲ್ಕು ಸಾಲು ಜಾಸ್ತಿ ಹಾಕಿ. ಸೀಟಿನ ಎತ್ತರ, ಪೆಟ್ರೋಲ್ ತುಂಬಿದ ಮೇಲಿನ ತೂಕ, ಟ್ಯೂಬ್ ಇದೆಯಾ ಇಲ್ಲವಾ, ಹಿಂದೆ ಕೂತವರು ಎಷ್ಟು ಹೊತ್ತಿಗೆ ಇಳಿಯುತ್ತೇನೆ ಅಂದರು. ಓಡಿಸಿ ನೋಡುವವರ ಎತ್ತರವನ್ನೂ ಬರೆಯಿರಿ. ಆರಡಿ ಹುಡುಗ 'ಸೀಟು ಆರಾಮ' ಅಂದರೆ ನನಗೇನು ಉಪಯೋಗ? ಬೇಕಿದ್ದರೆ ಗಾಡಿಯನ್ನು ಹಾಸನಕ್ಕೇ ತನ್ನಿ. ನಮ್ಮ ಮನೆಯವರು ಬೇಲೂರಿನ ತನಕ ಹಿಂದೆ ಕೂತು ಬಂದು ಮಾರ್ಕ್ಸ್ ಕೊಡುತ್ತಾರೆ. ಆ ಟೀ ಅಂಗಡಿಯ ಹತ್ತಿರ ನಿಲ್ಲಿಸುವಾಗ ಮಾತ್ರ ಗಾಡಿಯನ್ನು ಡಾಂಬರಿನ ಮೇಲೇ ಬಿಡಿ.

ಇಂತಿ,
ಒಬ್ಬ ನಿವೃತ್ತ ಬಸ್ ಚಾಲಕ,
ಹಾಸನ